ಓದು ಬಾರದ ಮಗು ಯಾರ ಹೊಣೆ?

ಕಳೆದ ವರ್ಷದ ಮಳೆಗಾಲದ ಒಂದು ಭಾನುವಾರ. ಬಲಿಪೂಜೆ ಮುಗಿದು ಧರ್ಮೋಪದೇಶದ ತರಗತಿಗಳು ಆರಂಭವಾಗಿದ್ದವು. ಐದನೆಯ ತರಗತಿಯ ಮಕ್ಕಳ ನಡುವೆ ಹೋಗಿ ಕುಳಿತ ನಾವು, ಒಬ್ಬ ಬಾಲಕಿಯ ಕೈಗೆ ಪುಸ್ತಕ ಕೊಟ್ಟು ಪಾಠವನ್ನು ಓದುವಂತೆ ಹೇಳಿದೆವು. ಆಕೆ ಸ್ಪಷ್ಟವಾದ ಧ್ವನಿಯಲ್ಲಿ, ಎಲ್ಲಿಯೂ ತಡವರಿಸದೆ ಓದತೊಡಗಿದಳು. ಬೆರಳು ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು. ಅಷ್ಟರಲ್ಲಿ ಕಿಟಕಿಯಿಂದ ನುಗ್ಗಿದ ಗಾಳಿಗೆ ಪುಟ ಮಗುಚಿಕೊಂಡಿತು. ಬಾಲಕಿ ನಿಲ್ಲಿಸಲಿಲ್ಲ. ಬೆರಳು ಹೊಸ ಪುಟದ ಮೇಲೆ ಸರಿಯುತ್ತಿತ್ತು. ಬಾಯಿ ಹಳೆಯ ಪುಟವನ್ನೇ ಹೇಳುತ್ತಿತ್ತು.

ಆಕೆ ಓದುತ್ತಿರಲಿಲ್ಲ. ಬೇರೆಯವರು ಓದಿದ್ದನ್ನು ಕೇಳಿ ಕೇಳಿ ಇಡೀ ಪಾಠವನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಅಂತಹ ಸ್ಮರಣಶಕ್ತಿಯುಳ್ಳ ಮಗುವನ್ನು ದಡ್ಡಿ ಎನ್ನಲು ಯಾರಿಗೆ ನಾಲಗೆ ಬಂದೀತು? ಅಕ್ಷರ ಕೂಡಿಸಲು ತನಗೆ ಬಾರದೆಂಬುದನ್ನು ಮುಚ್ಚಿಡಲು ಆಕೆ ಪಟ್ಟ ಪಾಡು, ಓದು ಕಲಿಯಲು ಬೇಕಾಗುವ ಶ್ರಮಕ್ಕಿಂತ ಕಡಿಮೆಯದಲ್ಲ. ಐದನೆಯ ತರಗತಿಯವರೆಗೆ ಬಂದ ಆ ಮಗುವಿನ ಗುಟ್ಟು ಶಾಲೆಗೂ ತಿಳಿದಿರಲಿಲ್ಲ, ಮನೆಗೂ ತಿಳಿದಿರಲಿಲ್ಲ. ಹಿಂದಿನ ವರ್ಷ ಧರ್ಮೋಪದೇಶದ ವಾರ್ಷಿಕೋತ್ಸವದಲ್ಲಿ ಆಕೆಯ ‘ವಾಚನ’ವನ್ನು ಮೆಚ್ಚಿ ಬಹುಮಾನ ಕೊಟ್ಟವರು ನಾವೇ ಆಗಿದ್ದುದರಿಂದ, ನಮಗೂ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಅಂಕಿಗಳು ಹೇಳುವುದೇನು?

ಇದು ಒಂದು ಮಗುವಿನ ಕಥೆಯಾಗಿದ್ದರೆ ಅದನ್ನು ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ‘ಪ್ರಥಮ್’ ಸಂಸ್ಥೆಯ ನೇತೃತ್ವದಲ್ಲಿ 2005ರಿಂದ ನಡೆದು ಬಂದಿರುವ ‘ಅಸರ್’ ಎಂಬ ಸಮೀಕ್ಷೆಯಲ್ಲಿ ಸ್ವಯಂಸೇವಕರು ಹಳ್ಳಿಯ ಮನೆಮನೆಗೆ ಹೋಗಿ, ಮಗುವಿನ ಎದುರು ಕುಳಿತು, ಒಂದು ಹಾಳೆಯಲ್ಲಿರುವ ಅಕ್ಷರ, ಪದ, ಸಣ್ಣ ಪರಿಚ್ಛೇದ ಮತ್ತು ಪುಟ್ಟ ಕಥೆಯನ್ನು ಓದಿಸುತ್ತಾರೆ. 2024ರಲ್ಲಿ ದೇಶದ 605 ಗ್ರಾಮೀಣ ಜಿಲ್ಲೆಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಕಥೆಯನ್ನು ಓದಬಲ್ಲವರು ಶೇಕಡಾ 48.8 ಮಾತ್ರ. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೂರು ವರ್ಷ ಹಿಂದಿನ ಪಾಠವನ್ನೂ ಓದಲಾರದೆ ಮುಂದಿನ ತರಗತಿಗೆ ದಾಟುತ್ತಿದ್ದರು.

ಈ ಅಂಕಿಗಳನ್ನು ಕೇಳಿದೊಡನೆ ‘ಅದು ಸರಕಾರಿ ಶಾಲೆಯ ಮಾತು, ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ’ ಎಂದು ನೆಮ್ಮದಿ ತಾಳುವವರು ನಮ್ಮ ಕುಟುಂಬಗಳಲ್ಲಿ ಅನೇಕರಿದ್ದಾರೆ. ಅವರು ಇನ್ನೂ ಸ್ವಲ್ಪ ಮುಂದೆ ಓದಬೇಕು. ಐದನೆಯ ತರಗತಿಯ ಇದೇ ಪರೀಕ್ಷೆಯಲ್ಲಿ ಸರಕಾರಿ ಶಾಲೆಗಳ ಪ್ರಮಾಣ 2018ರಲ್ಲಿ ಶೇಕಡಾ 44.2 ಇತ್ತು, ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ ಬಳಿಕ, 2022ರಲ್ಲಿ 38.5ಕ್ಕೆ ಕುಸಿಯಿತು, 2024ರಲ್ಲಿ 44.8ಕ್ಕೆ ಏರಿ, ಕಳೆದುಕೊಂಡದ್ದನ್ನು ಮರಳಿ ಪಡೆಯಿತು. ಖಾಸಗಿ ಶಾಲೆಗಳಲ್ಲಿ 2018ರಲ್ಲಿ 65.1 ಇದ್ದ ಪ್ರಮಾಣ 2022ರಲ್ಲಿ 56.8ಕ್ಕೆ ಇಳಿದು, 2024ರಲ್ಲಿ 59.3ನ್ನು ಮಾತ್ರ ಮುಟ್ಟಿತು. ಶುಲ್ಕ ತೆತ್ತು ಕಲಿಯುವ ಹತ್ತು ಮಕ್ಕಳಲ್ಲಿಯೂ ನಾಲ್ವರಿಗೆ ಓದು ಬರುವುದಿಲ್ಲ ಎಂದಾಯಿತು. ಶುಲ್ಕದ ರಸೀದಿ ಓದಿನ ಪ್ರಮಾಣಪತ್ರವಲ್ಲ.

ಓದು ಎಲ್ಲಿ ತಪ್ಪಿಹೋಗುತ್ತದೆ?

ಇದಕ್ಕೆ ಕಾರಣವನ್ನು ಹುಡುಕುವಾಗ ನಾವು ಸಾಮಾನ್ಯವಾಗಿ ಒಬ್ಬ ಅಪರಾಧಿಯನ್ನು ಹುಡುಕುತ್ತೇವೆ. ಪಾಲಕರ ಪಾಲಿಗೆ ಶಿಕ್ಷಕರು, ಶಿಕ್ಷಕರ ಪಾಲಿಗೆ ಪಾಲಕರು, ಇಬ್ಬರ ಪಾಲಿಗೂ ಸರಕಾರ, ಮೂವರ ಪಾಲಿಗೂ ಮೊಬೈಲು. ಆದರೆ ಮೊದಲು ನೋಡಬೇಕಾದುದು ಓದೆಂಬ ಕ್ರಿಯೆಯನ್ನೇ.

ಕನ್ನಡದ ಲಿಪಿ ಕ್ರಮಬದ್ಧವಾದುದು, ಆದರೆ ಸುಲಭವಾದುದಲ್ಲ. ವರ್ಣಮಾಲೆಯನ್ನು ಕಲಿತ ಮಗುವಿನ ಮುಂದೆ ಕಾಗುಣಿತದ 400ಕ್ಕೂ ಮಿಕ್ಕಿದ ರೂಪಗಳು ನಿಲ್ಲುತ್ತವೆ. ಅದರಾಚೆಗೆ ಒತ್ತಕ್ಷರಗಳ ಬೇರೊಂದು ಬೆಟ್ಟವಿದೆ. ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಕುರಿತು ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿದೆ. ಆದರೆ ಪಠ್ಯಪುಸ್ತಕವು ಮಗುವಿಗಾಗಿ ಕಾಯುವುದಿಲ್ಲ. ಮೂರನೆಯ ತರಗತಿಗೆ ಬಂದೊಡನೆ, ಓದು ಬರುತ್ತದೆ ಎಂದು ಭಾವಿಸಿಕೊಂಡು ಪರಿಸರ ವಿಜ್ಞಾನವೂ ಗಣಿತವೂ ಓದಿನ ಮೂಲಕವೇ ಬರತೊಡಗುತ್ತವೆ. ಅಂದು ಹಿಂದುಳಿದ ಮಗುವಿಗೆ ಮರಳಿ ಅಕ್ಷರಕ್ಕೆ ಬರಲು ಯಾರೂ ಅವಕಾಶ ಕೊಡುವುದಿಲ್ಲ. ನಾಚಿಕೆಯಿಂದ ಮಗುವೂ ಕೇಳುವುದಿಲ್ಲ. ಕರಾವಳಿಯ ನಮ್ಮ ಮಕ್ಕಳಿಗಂತೂ ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ಫಲಕಗಳಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ನಾಲ್ಕು ಭಾಷೆ ಕೇಳಿ ಬೆಳೆಯುವುದು ದೊಡ್ಡ ಸಂಪತ್ತು. ಆದರೆ ಒಂದರಲ್ಲಾದರೂ ಓದು ಗಟ್ಟಿಯಾಗದಿದ್ದರೆ ಆ ಸಂಪತ್ತು ಕೈಗೆ ದಕ್ಕುವುದಿಲ್ಲ.

ನಾವು ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಯುತ್ತಿದ್ದಾಗ ಅರಿಸ್ಟಾಟಲನ ಒಂದು ವಿಚಾರವನ್ನು ಮತ್ತೆ ಮತ್ತೆ ಓದಬೇಕಾಗುತ್ತಿತ್ತು. ಸುಪ್ತವಾಗಿರುವ ಶಕ್ತಿಯೊಂದು ತಾನಾಗಿಯೇ ಕ್ರಿಯೆಗೆ ಇಳಿಯದು. ಈಗಾಗಲೇ ಕ್ರಿಯೆಯಲ್ಲಿರುವ ಇನ್ನೊಂದು ಅದನ್ನು ಎಬ್ಬಿಸಬೇಕು. ಸೌದೆಯಲ್ಲಿ ಉರಿಯುವ ಗುಣವಿದ್ದರೂ ಬೆಂಕಿ ತಾಗದೆ ಅದು ಉರಿಯುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸುತ್ತಾ, ಗುಣವಾಗುವ ಶಕ್ತಿ ರೋಗಿಯ ದೇಹದಲ್ಲೇ ಇರುವಂತೆ ಕಲಿಯುವ ಶಕ್ತಿ ಶಿಷ್ಯನಲ್ಲೇ ಇದೆ, ಗುರುವು ಅದಕ್ಕೆ ನೆರವಾಗುತ್ತಾನೆ ಎಂದು ವಿವರಿಸಿದರು. ಅಂದು ಪರೀಕ್ಷೆಗಾಗಿ ಓದಿದ ಈ ಮಾತಿನ ಅರ್ಥ ಆ ಬಾಲಕಿಯ ಎದುರು ಕುಳಿತಾಗ ನಮಗೆ ಹೊಳೆಯಿತು. ಓದುವ ಶಕ್ತಿ ಎಲ್ಲ ಮಕ್ಕಳಲ್ಲಿಯೂ ಇದೆ. ಆದರೆ ಓದುವ ಒಬ್ಬ ಮನುಷ್ಯ ಪಕ್ಕದಲ್ಲಿ ಕುಳಿತು, ತಪ್ಪಿದಲ್ಲಿ ತಡೆದು, ಬಂದಲ್ಲಿ ಹೂಂಗುಟ್ಟದೆ ಹೋದರೆ ಅದು ಎಚ್ಚರಗೊಳ್ಳುವುದಿಲ್ಲ. ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಒಬ್ಬ ಶಿಕ್ಷಕಿ ಪ್ರತಿ ಮಗುವಿನ ಪಕ್ಕದಲ್ಲಿ ದಿನಕ್ಕೆ ಎಷ್ಟು ನಿಮಿಷ ಕುಳಿತಾಳು? ಸಮುದಾಯದ ಪಾಲು ಆರಂಭವಾಗುವುದು ಇಲ್ಲಿಯೇ.

ಸಭೆ ಬೇರೆ, ಸಹಕಾರ ಬೇರೆ

ನಮ್ಮ ರಾಜ್ಯವು ಈ ದಿಸೆಯಲ್ಲಿ ಏನೂ ಮಾಡಿಲ್ಲವೆಂದರೆ ತಪ್ಪಾದೀತು. ಮಕ್ಕಳು ತಮ್ಮ ವೇಗಕ್ಕೆ ತಕ್ಕಂತೆ ಕಲಿಯುವ ‘ನಲಿ-ಕಲಿ’ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿ ಮುಂದೆ ರಾಜ್ಯವನ್ನೆಲ್ಲ ವ್ಯಾಪಿಸಿತು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾಗಿ ಪಾಲಕರಿಗೆ ಶಾಲೆಯ ಬಾಗಿಲು ತೆರೆಯಿತು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿದವು; ಆ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳೆಂಬ ಹೆಸರನ್ನೂ ಪಡೆದವು. ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವೂ ಅರ್ಥವರಿತು ಓದುವಂತಾಗಬೇಕೆಂದು ಕೇಂದ್ರ ಸರಕಾರವು 2021ರ ಜುಲೈಯಲ್ಲಿ ‘ನಿಪುಣ ಭಾರತ’ ಯೋಜನೆಯನ್ನು ಸಾರಿ, 2026-27ನ್ನು ಗುರಿಯ ವರ್ಷವೆಂದು ಗೊತ್ತುಪಡಿಸಿತು. ಯೋಜನೆಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಯೋಜನೆಗೂ ಮಗುವಿಗೂ ನಡುವಿನ ಕೊನೆಯ ಹತ್ತು ಹೆಜ್ಜೆಗಳಲ್ಲಿ.

ಆ ಹತ್ತು ಹೆಜ್ಜೆಗಳನ್ನು ನಡೆಯುವುದು ಹೇಗೆಂಬುದಕ್ಕೆ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಪ್ರಯೋಗವೊಂದು ಬಹಳ ಪಾಠ ಕಲಿಸುತ್ತದೆ. ಮುಂದೆ 2019ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರು ‘ಪ್ರಥಮ್’ ಜೊತೆಗೂಡಿ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿ ಮೂರು ದಾರಿಗಳನ್ನು ಪರೀಕ್ಷಿಸಿದರು. ಕೆಲವು ಹಳ್ಳಿಗಳಲ್ಲಿ ಸಭೆ ಕರೆದು, ಶಿಕ್ಷಣ ಸಮಿತಿಯ ಹಕ್ಕು-ಬಾಧ್ಯತೆಗಳನ್ನು ತಿಳಿಸಲಾಯಿತು. ಇನ್ನು ಕೆಲವು ಹಳ್ಳಿಗಳಲ್ಲಿ ಅದರ ಜೊತೆಗೆ, ಮಕ್ಕಳ ಓದನ್ನು ಜನರೇ ಅಳೆಯುವುದನ್ನು ಕಲಿಸಲಾಯಿತು. ಮತ್ತೆ ಕೆಲವೆಡೆ ಇವೆರಡರ ಜೊತೆಗೆ ಊರಿನ ಯುವಕ ಯುವತಿಯರಿಗೆ ಓದು ಕಲಿಸುವ ಸರಳ ವಿಧಾನದಲ್ಲಿ ತರಬೇತಿ ಕೊಟ್ಟು, ಶಾಲೆಯ ವೇಳೆಯ ಹೊರಗೆ ಓದಿನ ಶಿಬಿರ ನಡೆಸಲಾಯಿತು. ಮೊದಲ ಎರಡು ದಾರಿಗಳಿಂದ ಮಕ್ಕಳ ಓದಿನಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ. ಮೂರನೆಯ ದಾರಿಯಲ್ಲಿ, ಶಿಬಿರಕ್ಕೆ ಬಂದ ಮಕ್ಕಳು ಗಣನೀಯವಾಗಿ ಮುಂದುವರಿದರು. ಆದರೆ ಶಿಬಿರಕ್ಕೆ ಬಂದವರು ಶೇಕಡಾ 8ರಷ್ಟು ಮಕ್ಕಳು ಮಾತ್ರ. ಮುಂದಿನ ವರ್ಷಗಳಲ್ಲಿ ಬಿಹಾರದಲ್ಲಿ ಶಿಕ್ಷಕರಿಗೆ ಬರಿಯ ತರಬೇತಿ, ಸಾಮಗ್ರಿ ಕೊಟ್ಟಾಗ ಶಾಲೆಯ ದಿನಚರಿ ಬದಲಾಗಲಿಲ್ಲ. 2012-13ರಲ್ಲಿ ಹರಿಯಾಣದ ಶಾಲೆಗಳು ದಿನಕ್ಕೆ ಒಂದು ಗಂಟೆಯನ್ನು ಮೀಸಲಿಟ್ಟು, ತರಗತಿಯ ಬದಲು ಓದಿನ ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಕೂರಿಸಿದಾಗ ಫಲ ಕಂಡಿತು. ಮರುವರ್ಷ ಉತ್ತರ ಪ್ರದೇಶದಲ್ಲಿ ಶಾಲೆಯ ವೇಳೆಯಲ್ಲೇ, ಊರಿನ ಸ್ವಯಂಸೇವಕರ ನೆರವಿನಿಂದ ಶಿಬಿರಗಳು ನಡೆದಾಗ ಇನ್ನೂ ಹೆಚ್ಚಿನ ಫಲ ದೊರೆಯಿತು.

ಇದರ ತಾತ್ಪರ್ಯ ಸರಳವಾಗಿದೆ. ಸಮುದಾಯ ತಾನೊಂದೇ ನಿಂತರೆ ಎಲ್ಲ ಮಕ್ಕಳನ್ನು ತಲುಪಲಾರದು, ಏಕೆಂದರೆ ಮಕ್ಕಳಿರುವುದು ಶಾಲೆಯಲ್ಲಿ. ಶಾಲೆ ತಾನೊಂದೇ ನಿಂತರೆ ಪ್ರತಿ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಲಾರದು, ಏಕೆಂದರೆ ಅದಕ್ಕೆ ಅಷ್ಟು ಕೈಗಳಿಲ್ಲ. ಶಾಲೆ ತನ್ನ ವೇಳೆಯನ್ನು ಕೊಡಬೇಕು. ಸಮುದಾಯ ತನ್ನ ಜನರನ್ನು ಕೊಡಬೇಕು. ಇವೆರಡೂ ಕೂಡದ ‘ಸಹಕಾರ’ವು ನಿರ್ಣಯ ಪುಸ್ತಕದಲ್ಲಿ ಉಳಿಯುತ್ತದೆಯೇ ಹೊರತು ಮಗುವಿನ ಕಣ್ಣಿಗೆ ಇಳಿಯುವುದಿಲ್ಲ.

ನಮ್ಮ ಕಪಾಟಿನ ಕೀಲಿ

ಹಾಗಾದರೆ ನಮ್ಮ ಪಾಲಿನ ಲೆಕ್ಕ ಏನು? ಓದಿನ ಮಟ್ಟಿಗೆ ನಮ್ಮ ಹಿರಿಯರು ಬಡವರಾಗಿರಲಿಲ್ಲ. 1912ರಲ್ಲಿ ಮಂಗಳೂರಿನಲ್ಲಿ ‘ಕೊಂಕಣಿ ದಿರ್ವೆಂ’ ಪತ್ರಿಕೆ ಆರಂಭವಾಯಿತು. 1938ರಲ್ಲಿ ‘ರಾಕ್ಣೊ’ ವಾರಪತ್ರಿಕೆ ಹುಟ್ಟಿತು. ಕನ್ನಡ ಲಿಪಿಯಲ್ಲಿ ಬಂದ ಆ ಹಾಳೆಗಳನ್ನು ಸಂಜೆಯ ಜಪಸರದ ಬಳಿಕ ಅಜ್ಜನೊಬ್ಬ ಗಟ್ಟಿಯಾಗಿ ಓದುತ್ತಿದ್ದುದನ್ನು, ಅಕ್ಷರ ಬಾರದ ಅಜ್ಜಿಯೂ ಮೊಮ್ಮಕ್ಕಳೂ ಸುತ್ತ ಕುಳಿತು ಕೇಳುತ್ತಿದ್ದುದನ್ನು ನಮ್ಮ ತಲೆಮಾರಿನವರು ಮರೆತಿಲ್ಲ. ಅಂದು ಯಾರೂ ಅದನ್ನು ಓದಿನ ಯೋಜನೆ ಎಂದು ಕರೆಯಲಿಲ್ಲ. ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಗಳೇ, ಆದರೆ ಈ ಹೊಣೆಯಲ್ಲಿ ಅವರಿಗೆ ಇಡೀ ಸಮಾಜದ ನೆರವು ಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಶಿಕ್ಷಣ ಕುರಿತ ತನ್ನ 1965ರ ಘೋಷಣೆಯಲ್ಲಿ ಹೇಳಿದುದನ್ನು ನಮ್ಮ ಹಿರಿಯರು ಅದಕ್ಕೆ ಮೊದಲೇ ಆಚರಿಸುತ್ತಿದ್ದರು.

ಇಂದು ನಮ್ಮ ಧರ್ಮಕೇಂದ್ರದಲ್ಲಿ ಸಭಾಭವನವಿದೆ, ಧ್ವನಿವರ್ಧಕವಿದೆ, ವಾಹನ ನಿಲ್ಲಿಸಲು ಕಾಂಕ್ರೀಟು ಹಾಕಿದ ಅಂಗಳವಿದೆ. ಸಭಾಭವನದ ಮೂಲೆಯಲ್ಲಿ ಒಂದು ಗಾಜಿನ ಕಪಾಟಿದೆ. ಅದರಲ್ಲಿ ದಾನಿಯೊಬ್ಬರು ಕೊಟ್ಟ ಮಕ್ಕಳ ಪುಸ್ತಕಗಳಿವೆ. ಆ ಭಾನುವಾರ ಕಪಾಟನ್ನು ತೆರೆಯಲು ಹೋದಾಗ ಕೀಲಿ ಯಾರ ಬಳಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ನಮ್ಮದೇ ಮೇಜಿನ ಸೆಳೆಖಾನೆಯಲ್ಲಿ. ಪುಸ್ತಕ ಹಾಳಾಗಬಾರದೆಂದು ಬೀಗ ಹಾಕಿಸಿದವರೂ ನಾವೇ. ಒಳಗೆ ಗೆದ್ದಲು ತನ್ನ ಓದನ್ನು ಮುಗಿಸಿತ್ತು.

ಮರುದಿನ ನಾವು ಪಕ್ಕದ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಕಂಡು, ಪುಸ್ತಕ ಕೊಡಿಸುವ ಮಾತೆತ್ತಿದೆವು. ಅವರು ನಗುತ್ತಲೇ, “ಫಾದರ್, ಪುಸ್ತಕ ಕೊಡುವವರು ಬರುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮಕ್ಕಳ ಹತ್ತಿರ ಕೂರುವವರನ್ನು ಕಳುಹಿಸಿ ಕೊಡ್ತೀರಾ?” ಎಂದರು. ಆ ಒಂದು ಮಾತಿನಿಂದ ನಮ್ಮ ಕೆಲಸ ನಿರ್ಧಾರವಾಯಿತು. ಶಾಲಾ ಸಮಿತಿಯ ಒಪ್ಪಿಗೆ ಪಡೆದು, ವಾರಕ್ಕೆ ಮೂರು ದಿನ ಶಾಲೆಯ ಕೊನೆಯ ಅವಧಿಯನ್ನು ಓದಿಗೆ ಮೀಸಲಿಡಲಾಯಿತು. ಇಗರ್ಜಿಯ ಶಾಲೆಯೂ ಅದನ್ನೇ ಅನುಸರಿಸಿತು. ಭಾನುವಾರದ ಪ್ರಕಟಣೆಯ ಬಳಿಕ 14 ಮಂದಿ ಹೆಸರು ಕೊಟ್ಟರು. ನಿವೃತ್ತ ಶಿಕ್ಷಕಿಯರು, ಕಾಲೇಜಿನ ಹುಡುಗಿಯರು, ಗಲ್ಫ್‌ನಿಂದ ಮರಳಿದ ಒಬ್ಬ ಗೃಹಸ್ಥ. ಊರಿನ ಹಿಂದೂ, ಮುಸ್ಲಿಮ್ ಬಾಂಧವರೂ ಸೇರಿಕೊಂಡರು. ಐದೈದು ಮಕ್ಕಳಿಗೆ ಒಬ್ಬರಂತೆ, ತರಗತಿಯನ್ನು ನೋಡದೆ ಓದಿನ ಮಟ್ಟವನ್ನು ನೋಡಿ ಗುಂಪು ಮಾಡಲಾಯಿತು. ಮೊದಲು ಒಬ್ಬರು ಕಥೆ ಓದಿ ಹೇಳುವುದು, ಬಳಿಕ ಮಕ್ಕಳು ಜೊತೆಗೆ ಓದುವುದು, ಆಮೇಲೆ ಒಬ್ಬೊಬ್ಬರೇ ಓದುವುದು, ಕೊನೆಗೆ ಕಥೆಯನ್ನು ತಮ್ಮ ಮಾತಿನಲ್ಲಿ, ಬೇಕಾದರೆ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ, ಹೇಳುವುದು. ಇಷ್ಟೇ ವಿಧಾನ.

ಎಲ್ಲವೂ ಸುಗಮವಾಗಿ ನಡೆಯಿತೆಂದು ಬರೆದರೆ ಸುಳ್ಳಾದೀತು. ಅಡಿಕೆ ಕೊಯ್ಲು, ಮದುವೆ, ಪರೀಕ್ಷೆ ಎಂದು ಕಾರ್ಯಕರ್ತರು ಜಾರುತ್ತಾ ಬಂದು, ಕೊನೆಗೆ 6 ಮಂದಿ ಉಳಿದರು. ಮಕ್ಕಳಲ್ಲಿ ಕೆಲವರು ಇಂದಿಗೂ ಪದಗಳ ಹಂತದಲ್ಲೇ ಇದ್ದಾರೆ. ಉಳಿದ 6 ಮಂದಿ ಬಿಡದೆ ಬರುತ್ತಿರುವುದರಿಂದಲೇ ಕೆಲಸ ನಡೆದಿದೆ. ಹೆಸರು ಕೊಡುವ ಉತ್ಸಾಹಕ್ಕಿಂತ ವಾರ ತಪ್ಪದೆ ಬರುವ ನಿಷ್ಠೆ ದೊಡ್ಡದೆಂಬುದನ್ನು ನಾವು ಹೀಗೆ ಕಲಿತೆವು.

ಕೆಲವು ಆಕ್ಷೇಪಗಳು

‘ಸಂಬಳ ಪಡೆಯುವ ಶಿಕ್ಷಕರ ಕೆಲಸವನ್ನು ನಾವೇಕೆ ಮಾಡಬೇಕು?’ ಎಂಬುದು ಮೊದಲ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆಯೇ. ತೆರವಾದ ಹುದ್ದೆಗಳನ್ನು ತುಂಬುವುದು ಸರಕಾರದ ಕರ್ತವ್ಯ. ಸ್ವಯಂಸೇವಕರು ಇದ್ದಾರೆಂಬ ನೆಪದಿಂದ ಅದು ಆ ಕರ್ತವ್ಯದಿಂದ ಜಾರಿಕೊಳ್ಳಲು ಬಿಡಬಾರದು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಇದಕ್ಕಾಗಿಯೇ ಇದೆ; ಮನವಿ ಸಲ್ಲಿಸುವುದನ್ನೂ ಕೇಳುವುದನ್ನೂ ನಿಲ್ಲಿಸಕೂಡದು. ಆದರೆ ಮನವಿಗೆ ಉತ್ತರ ಬರುವಷ್ಟರಲ್ಲಿ ಮಗು ಏಳನೆಯ ತರಗತಿ ದಾಟಿರುತ್ತದೆ. ನೆರವಿನ ಕೈ ಶಿಕ್ಷಕರ ಸ್ಥಾನಕ್ಕೆ ಬರುವುದಲ್ಲ, ಶಿಕ್ಷಕರ ಪಕ್ಕಕ್ಕೆ ಬರುವುದು. ಏನನ್ನು ಕಲಿಸಬೇಕು, ಯಾವ ಮಗುವಿಗೆ ಎಂಬ ನಿರ್ಧಾರ ಶಿಕ್ಷಕರದೇ ಆಗಿರಬೇಕು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಇಗರ್ಜಿಯವರು ಸರಕಾರಿ ಶಾಲೆಗೆ ಹೋಗುವುದೇಕೆಂದು ಸಂದೇಹ ಪಡುವವರು ಇಂದಿನ ದಿನಗಳಲ್ಲಿ ಇದ್ದೇ ಇರುತ್ತಾರೆ. ಸಂದೇಹಕ್ಕೆ ಸಿಟ್ಟು ಉತ್ತರವಲ್ಲ, ಬಯಲು ಉತ್ತರ. ಓದಿನ ಅವಧಿಯಲ್ಲಿ ಯಾವ ಧರ್ಮದ ಪುಸ್ತಕವೂ ಬರಬಾರದು. ‘ಪ್ರಥಮ್ ಬುಕ್ಸ್’, ‘ನ್ಯಾಷನಲ್ ಬುಕ್ ಟ್ರಸ್ಟ್’, ‘ನವಕರ್ನಾಟಕ’ ಮೊದಲಾದವರ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಗೆ ದೊರೆಯುತ್ತವೆ, ಅವು ಧಾರಾಳ ಸಾಕು. ಕೆಲಸ ನಡೆಯುವುದು ಶಾಲೆಯ ಜಗಲಿಯಲ್ಲಿ, ಹೋಗಿಬರುವ ಎಲ್ಲರ ಕಣ್ಣೆದುರಿಗೆ ಇರಬೇಕು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದಲೂ ಒಬ್ಬರೇ ಹಿರಿಯರು ಮುಚ್ಚಿದ ಕೋಣೆಯಲ್ಲಿ ಮಕ್ಕಳೊಡನೆ ಇರಕೂಡದೆಂಬ ನಿಯಮ ಕಡ್ಡಾಯವಾಗಬೇಕು.

‘ನಮಗೇ ಓದು ಬಾರದು, ಮಕ್ಕಳಿಗೆ ಏನು ಹೇಳಿಕೊಡಲಿ?’ ಎಂಬುದು ಕೆಲವು ತಾಯಂದಿರ ಅಳಲು. ಇದಕ್ಕೆ ಉತ್ತರ ಕೊಟ್ಟವರು ನಾವಲ್ಲ, ಆ ಬಾಲಕಿಯ ತಾಯಿ. ಆಕೆ ಬೀಡಿ ಕಟ್ಟಿ ಜೀವನ ಸಾಗಿಸುವವರು. ಸಂಜೆ ಆಕೆ ಬೀಡಿ ಕಟ್ಟುತ್ತಿರುವಾಗ ಮಗಳು ಎದುರಿಗೆ ಕುಳಿತು, ಶಾಲೆಯಿಂದ ತಂದ ಕಥೆಯನ್ನು ಓದಬೇಕು, ನಿಂತಲ್ಲಿ ತಾಯಿ “ಮತ್ತೇನಾಯ್ತು?” ಎಂದು ಕೇಳಬೇಕು. ಕೈ ಎಲೆಯ ಮೇಲಿದ್ದರೂ ಕಿವಿ ಕಥೆಯ ಮೇಲಿರುತ್ತದೆ. ತಾಯಿಗೆ ಅಕ್ಷರ ಬರಲೇಬೇಕೆಂದಿಲ್ಲ, ಮುಂದಿನದನ್ನು ತಿಳಿಯುವ ಆಸೆ ಇದ್ದರೆ ಸಾಕು. ಸುಶಿಕ್ಷಿತರಾದ ನಮ್ಮ ಎಷ್ಟು ಮನೆಗಳಲ್ಲಿ ದಿನಕ್ಕೆ 15 ನಿಮಿಷ ಮೊಬೈಲನ್ನು ಪಕ್ಕಕ್ಕಿಟ್ಟು ಮಗುವಿನ ಓದಿಗೆ ಕಿವಿಗೊಡುತ್ತಾರೆ?

ಓದುಗ ಬಂಧುಗಳೇ, ‘ಓದು ಒಕ್ಕಾಲು ಬುದ್ಧಿ ಮುಕ್ಕಾಲು’ ಎಂದು ನಮ್ಮಲ್ಲಿ ಒಂದು ಗಾದೆ ಇದೆ. ಓದನ್ನು ಹಗುರವಾಗಿ ಕಾಣುವವರು ಇದನ್ನು ಆಗಾಗ ಹೇಳುತ್ತಾರೆ. ಆದರೆ ಒಕ್ಕಾಲೂ ಇಲ್ಲದ ಮಗುವಿನ ಮುಕ್ಕಾಲು ಬುದ್ಧಿ ಎಲ್ಲಿ ವ್ಯಯವಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡೆವು. ಓದಲು ಬಾರದುದನ್ನು ಮುಚ್ಚಿಡುವುದರಲ್ಲಿಯೇ ಅದು ವ್ಯಯವಾಗುತ್ತಿತ್ತು. ನಾಳೆ ಬ್ಯಾಂಕಿನ ಕಾಗದಕ್ಕೆ, ಔಷಧದ ಚೀಟಿಗೆ, ಕೆಲಸದ ಕರಾರಿಗೆ ಓದದೆ ಸಹಿ ಹಾಕುವವರು ಇಂತಹ ಮಕ್ಕಳೇ. ಮೋಸಹೋದ ಮೇಲೆ ಅವರಿಗಾಗಿ ಮರುಗುವುದಕ್ಕಿಂತ ಇಂದು ಪಕ್ಕದಲ್ಲಿ ಕೂರುವುದು ಮೇಲು.

ಆ ಬಾಲಕಿ ಈಗ ನಿಧಾನವಾಗಿ ಓದುತ್ತಾಳೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ, ತಪ್ಪುತ್ತಾಳೆ, ತಿದ್ದಿಕೊಳ್ಳುತ್ತಾಳೆ. ಹಿಂದಿನ ನಿರರ್ಗಳತೆ ಹೋಗಿದೆ; ಅದು ಹೋದುದಕ್ಕೆ ನಮಗೆ ಸಂತೋಷವಿದೆ. ಕಪಾಟಿನ ಕೀಲಿ ಈಗ ಅವಳ ತರಗತಿಯ ಮಕ್ಕಳ ಬಳಿ ಇದೆ. ಕೆಲವು ಪುಸ್ತಕಗಳು ಹರಿದಿವೆ, ಎರಡು ಕಳೆದುಹೋಗಿವೆ. ನಿಮ್ಮ ಊರಿನ ಶಾಲೆಯಲ್ಲಿ ಅವಳಂತಹ ಮಕ್ಕಳು ಎಷ್ಟಿದ್ದಾರೆಂದು ನಿಮಗೆ ಗೊತ್ತೇ? ಈ ವಾರ ಮುಖ್ಯೋಪಾಧ್ಯಾಯರನ್ನು ಕಂಡು ಕೇಳಿ. ಕೇಳಿದ ಮೇಲೆ, ವಾರಕ್ಕೆ ಒಂದು ಗಂಟೆ ಬರುತ್ತೇನೆಂದು ಹೇಳಿ. ಹೇಳಿದ ಮೇಲೆ, ತಪ್ಪದೆ ಹೋಗಿ.